ಗ್ಲಾಸಿನಲ್ಲಿ ಮಾಯವಾದ ಅಯೋಡಿನ್

ಧಾರವಾಡದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಮೋಲ್, ನಾರ್ಮ್ಯಾಲಿಟಿ, ಟೈಟ್ರೇಶನ್ ಅಂತ ಬಾಯಿ ನೋಯುವಷ್ಟು ಹೇಳಿದ್ದೇನೆ. ಅಂಥವನು ನಿವೃತ್ತಿಯಾದ ಮೇಲೆ ಎರಡು ಸಾವಿರ ರೂಪಾಯಿಯ ಆಸುಪಾಸಿನ ಹಣ್ಣಿನ ರಸದ ಬಾಟಲಿಗಳನ್ನು ಕೈಚೀಲದಲ್ಲಿ ಹೊತ್ತು ಮನೆಮನೆಗೆ ಮಾರಿದೆ. ಮೋಸ ಹೋದೆ ಅಂತಷ್ಟೇ ಬರೆದರೆ ಅರ್ಧ ಹೇಳಿದಂತೆ. ಮೋಸ ಹೋದದ್ದು ಮೊದಲ ದಿನ. ಆಮೇಲಿನದೆಲ್ಲ ನಾನೇ ಮಾಡಿದ್ದು.

ಕರೆದುಕೊಂಡು ಹೋದವನು ನನ್ನ ಹಳೆಯ ವಿದ್ಯಾರ್ಥಿ. ಹುಬ್ಬಳ್ಳಿಯ ವಿದ್ಯಾನಗರದ ಕಡೆ ಒಂದು ಸಭಾಂಗಣ, ಬಾಗಿಲಲ್ಲಿ ಗುಲಾಬಿ, ಒಳಗೆ ಗಿರ್ಮಿಟ್ ಮತ್ತು ಚಹಾ. ತೆರೆಯ ಮೇಲೆ ಬ್ರೆಜಿಲಿನ ಅಸಾಯಿ, ಚೀನಾದ ಗೋಜಿ, ಲಡಾಖಿನ ಸೀಬಕ್‌ಥಾರ್ನ್, ನಮ್ಮ ಕರಾವಳಿಯ ನೋನಿ ಒಂದರ ಹಿಂದೊಂದು ಬಂದವು. ಈ ಎಲ್ಲವೂ ಒಂದೇ ಬಾಟಲಿಯಲ್ಲಿವೆಯಂತೆ. ಪ್ರತಿ ಹಣ್ಣಿನ ಪಕ್ಕದಲ್ಲಿ ಒಂದು ಸಂಖ್ಯೆ: ಓರಾಕ್ ಮೌಲ್ಯ. ಸೇಬು, ಬಾಳೆಯ ಸಂಖ್ಯೆಗಳು ಪಟ್ಟಿಯ ತಳದಲ್ಲಿ ಬಡವರ ಹಾಗೆ ನಿಂತಿದ್ದವು. ‘ಸೂಪರ್‌ಫುಡ್’ ಅನ್ನುವ ಮಾತನ್ನು ಅಲ್ಲಿ ಎಷ್ಟು ಸಲ ಕೇಳಿದೆನೋ. ಆ ಪದಕ್ಕೆ ನಮ್ಮ ಆಹಾರ ಕಾನೂನಿನಲ್ಲಿ ಯಾವ ಅರ್ಥವೂ ಇಲ್ಲವೆಂದು ಆಗ ನನಗೆ ಗೊತ್ತಿರಲಿಲ್ಲ.

ಆಮೇಲೆ ಪ್ರಯೋಗ. ಗಾಜಿನ ಗ್ಲಾಸಿನಲ್ಲಿ ನೀರು, ಅದಕ್ಕೆ ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣದ ಕೆಲವು ಹನಿ. ನೀರು ಕಡು ಕಂದಾಯಿತು. “ಇದು ನಿಮ್ಮ ದೇಹ ಅಂತ ತಿಳಕೋರಿ. ಧೂಳು, ಟೆನ್ಶನ್, ಔಷಧ ಹೊಡದ ಕಾಯಿಪಲ್ಲೆ, ಎಲ್ಲಾ ಕೂಡಿ ಹಿಂಗ ಮಾಡ್ಯಾವ” ಅಂದ ನಿರೂಪಕ. ಒಂದು ಚಮಚ ರಸ ಸುರಿದು ಎರಡು ಸಲ ಅಲುಗಿಸಿದ. ಕಂದು ಹೋಯಿತು. ರಸದ್ದೇ ತೆಳು ಗುಲಾಬಿ ಛಾಯೆ ಬಿಟ್ಟರೆ ನೀರು ತಿಳಿ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಈ ಪ್ರಯೋಗ ನನಗೆ ಹೊಸದಾಗಿರಲಿಲ್ಲ ಎಂಬುದೇ ನಾಚಿಕೆಯ ವಿಷಯ. ಡಿಗ್ರಿ ತರಗತಿಯ ಹುಡುಗರಿಗೆ ಪ್ರತಿ ವರ್ಷ ಮಾಡಿಸುತ್ತಿದ್ದೆ. ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಅಯೋಡಿನ್ನಿಗೆ ಎರಡು ಎಲೆಕ್ಟ್ರಾನು ಕೊಡುತ್ತದೆ. ಅಯೋಡಿನ್ ಬಣ್ಣವಿಲ್ಲದ ಅಯೋಡೈಡ್ ಆಗುತ್ತದೆ. ಗ್ಲಾಸಿನಿಂದ ಅದು ಎಲ್ಲಿಗೂ ಹೋಗಿರುವುದಿಲ್ಲ. 0.1 ನಾರ್ಮಲ್ ಅಯೋಡಿನ್ ದ್ರಾವಣದ 1 ಮಿಲಿಲೀಟರಿಗೆ ಸುಮಾರು 8.8 ಮಿಲಿಗ್ರಾಂ ವಿಟಮಿನ್ ಸಿ ಸಮ ಎಂದು ಬೋರ್ಡಿನ ಮೇಲೆ ಬರೆಸಿ ಲೆಕ್ಕ ಮಾಡಿಸಿದವನು ನಾನು. ನಿಂಬೆರಸ ಹಿಂಡಿದರೂ ಬಣ್ಣ ಹೋಗುತ್ತದೆ. ಫೋಟೊ ಸ್ಟುಡಿಯೋದವರು ಫಿಲ್ಮ್ ತೊಳೆಯಲು ಬಳಸುತ್ತಿದ್ದ ಹೈಪೋ ಹಾಕಿದರಂತೂ ಕ್ಷಣದಲ್ಲಿ ಹೋಗುತ್ತದೆ. ಹೈಪೋ ದ್ರಾವಣವನ್ನು ಆರೋಗ್ಯಕ್ಕೆಂದು ಯಾರೂ ಕುಡಿಯುವುದಿಲ್ಲ.

ಹಾಗಿದ್ದೂ ಯಾಕೆ ಎದ್ದು ನಿಂತು ಹೇಳಲಿಲ್ಲ? ಆ ಸಭಾಂಗಣದಲ್ಲಿ ಎಲ್ಲರೂ ನನ್ನನ್ನು ‘ಸರ್’ ಅನ್ನುತ್ತಿದ್ದರು. ನಿವೃತ್ತನಿಗೆ ಆ ಕರೆ ಎಷ್ಟು ಬೇಗ ವಿರಳವಾಗುತ್ತದೆ ಎಂಬುದು ನಿವೃತ್ತರಿಗಷ್ಟೇ ಗೊತ್ತು. ಮೊದಲ ಸಾಲಿನಲ್ಲಿ ಕೂರಿಸಿದರು, ಮೈಕು ಕೊಟ್ಟರು. “ಪ್ರೊಫೆಸರ್ ಸಾಹೇಬ್ರ ಈ ಕೆಮಿಸ್ಟ್ರಿ ಖರೇನೋ ಸುಳ್ಳೋ ಹೇಳ್ತಾರ” ಅಂದರು. “ಇದು ರಿಡಾಕ್ಸ್ ಕ್ರಿಯೆ, ಖರೇ ಅದ” ಅಂದೆ. ರಿಡಾಕ್ಸ್ ಕ್ರಿಯೆ ಖರೆಯೇ. ಗ್ಲಾಸು ದೇಹವಲ್ಲ ಅನ್ನುವ ಇನ್ನೊಂದು ವಾಕ್ಯವನ್ನು ಮಾತ್ರ ನುಂಗಿಕೊಂಡೆ. ಕಮಿಷನ್ನಿನ ಆಸೆಯೂ ಇತ್ತು, ಇರಲಿಲ್ಲ ಅನ್ನಲಾರೆ.

ಮುಂದೆ ಮಾಳಮಡ್ಡಿ, ಸಪ್ತಾಪುರ, ಕಲ್ಯಾಣನಗರ, ಹುಬ್ಬಳ್ಳಿಯ ಕೇಶ್ವಾಪುರದ ಪಡಸಾಲೆಗಳಲ್ಲಿ ನಾನೇ ಗ್ಲಾಸು ಹಿಡಿದು ನಿಂತೆ. ಮಾರಾಟದ ಸರಪಳಿಯಲ್ಲಿ ನನ್ನ ಮೇಲಿನವರಿಗಿಂತ ನಾನು ಚೆನ್ನಾಗಿ ಮಾರುತ್ತಿದ್ದೆ. ಮಾರುತ್ತಿದ್ದುದು ರಸವನ್ನಲ್ಲ, ಪಾಠ ಹೇಳಿ ಗಳಿಸಿದ ಹೆಸರನ್ನು. ಬಾಟಲಿಯ ಲೇಬಲ್ಲನ್ನು ಯಾರೂ ತಿರುವಿ ನೋಡಲಿಲ್ಲ. ಸರ್ ಹೇಳ್ಯಾರ, ಸಾಕು.

ಕೊಂಡವರಲ್ಲಿ ನಮ್ಮ ಕಾಕಾನ ಮಗನೂ ಒಬ್ಬ. ಬಹಳ ವರ್ಷದ ಸಕ್ಕರೆ ಕಾಯಿಲೆ, ಕಿಡ್ನಿ ಸೋತಿತ್ತು, ಬಿಪಿಗೆ ಟೆಲ್ಮಿಸಾರ್ಟಾನ್ ಗುಳಿಗೆ. ಆ ಜಾತಿಯ ಗುಳಿಗೆ ದೇಹದಲ್ಲಿ ಪೊಟ್ಯಾಸಿಯಂ ಹಿಡಿದಿಡುತ್ತದೆ. ಸೋತ ಕಿಡ್ನಿಗೂ ಅದನ್ನು ಹೊರಗೆ ಹಾಕುವುದು ಕಷ್ಟ. ಎರಡೂ ಕೂಡಿದವರಿಗೆ ಎಳನೀರು, ಬಾಳೆಹಣ್ಣು ಬೇಡವೆಂದು ಡಾಕ್ಟರು ಬರೆದುಕೊಡುವುದು ಅದಕ್ಕೇ. ಅವನಿಗೆ ನಾನು “ರೋಗ ಹಳೇದು, ಡೋಸ್ ಡಬಲ್ ಮಾಡು” ಅಂದೆ. ಇನ್ನೂ ಒಂದು ಮಾತು ಹೇಳಿದೆ. ಅದನ್ನು ಬರೆಯುವುದಕ್ಕೇ ಈ ಲೇಖನಕ್ಕೆ ಕೂತೆ ಅನ್ನಬಹುದು: “ಡಾಕ್ಟರಿಗೆ ಹೇಳೂದು ಬ್ಯಾಡ, ಅವರಿಗೆ ಇದರ ಬಗ್ಗೆ ಗೊತ್ತಿರೂದಿಲ್ಲ, ಸುಮ್ನ ಬೈತಾರ.”

ಕಾಲಲ್ಲಿ ಶಕ್ತಿಯಿಲ್ಲ ಅಂತ ಅವನು ಮಲಗಿದಾಗ ರಕ್ತ ನೋಡಿದರು. ಪೊಟ್ಯಾಸಿಯಂ 3.5ರಿಂದ 5ರೊಳಗೆ ಇರಬೇಕಾದದ್ದು 6 ದಾಟಿತ್ತು. ಅದು ಹೃದಯದ ಬಡಿತವನ್ನೇ ತಪ್ಪಿಸಬಲ್ಲ ಮಟ್ಟ. ಇಸಿಜಿ ತೆಗೆದು, ಒಳಗೆ ಸೇರಿಸಿಕೊಂಡು, ಇಳಿಸಿದರು. “ಬರದು ಕೊಟ್ಟ ಔಷಧ ಬಿಟ್ಟು ಮತ್ತೇನ ತಗೋತೀರಿ?” ಎಂದು ಡಾಕ್ಟರು ಕೇಳಿದರೆ ಅವನು ನನ್ನ ಮುಖ ನೋಡಿದ, ಸುಮ್ಮನಾದ. ಅವನ ಹೆಂಡತಿ ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

ಡಾಕ್ಟರು ಬೈಯಲಿಲ್ಲ. ಲೇಬಲ್ ಓದಿ, ನೋನಿ ರಸದಿಂದ ಪೊಟ್ಯಾಸಿಯಂ ಏರಿದ ಕಿಡ್ನಿ ರೋಗಿಯೊಬ್ಬನ ವರದಿ ಅಮೆರಿಕದ ಕಿಡ್ನಿ ವೈದ್ಯರ ಪತ್ರಿಕೆಯಲ್ಲಿ 2000ದಲ್ಲೇ ಬಂದಿದೆ ಅಂದರು. ಆ ರಸದಲ್ಲಿ ಪೊಟ್ಯಾಸಿಯಂ ಕಿತ್ತಳೆ ರಸದಷ್ಟೇ ಇರುತ್ತದಂತೆ. ದಿನಕ್ಕೆ ಎರಡು ಚಮಚ ಕುಡಿದವನಿಗೆ ಅದೊಂದರಿಂದಲೇ ಇಷ್ಟು ಏರುವುದಿಲ್ಲ ಅಂತಲೂ ಅವರೇ ಹೇಳಿದರು. ವಿಚಾರಿಸಿದಾಗ ತಿಳಿಯಿತು: ಸರ್ ಕೊಟ್ಟ ರಸ ಎಲ್ಲ ತೊಳೀತದ ಅನ್ನುವ ಧೈರ್ಯದಲ್ಲಿ ಅವನು ಪಥ್ಯ ಸಡಿಲಿಸಿದ್ದ. ದಿನಾ ಒಂದು ಎಳನೀರು, ಊಟದ ಮೇಲೆ ಬಾಳೆಹಣ್ಣು. ತಿಂಗಳ ರಕ್ತ ಪರೀಕ್ಷೆಯನ್ನೂ ಬಿಟ್ಟಿದ್ದ. ಬಾಟಲಿಯೊಳಗಿನ ಪೊಟ್ಯಾಸಿಯಂಗಿಂತ ಆ ಬಾಟಲಿ ಕೊಟ್ಟ ಧೈರ್ಯವೇ ಅವನಿಗೆ ಹೆಚ್ಚು ಕುತ್ತು ತಂದದ್ದು. ಆ ಧೈರ್ಯವನ್ನು ಕೊಟ್ಟವನು ನಾನು. ಅವನು ಚೇತರಿಸಿಕೊಂಡ. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚಲೋ ಇತ್ತು.

ಆಮೇಲೆ ಓದಲು ಕೂತೆ. ಮಾರುವ ಮೊದಲು ಓದಬೇಕಾದದ್ದನ್ನು ಮಾರಿದ ಮೇಲೆ ಓದಿದೆ.

ಮೊದಲ ಪೆಟ್ಟು ಓರಾಕ್‌ನಿಂದ. ಪರೀಕ್ಷಾನಾಳದಲ್ಲಿ ಒಂದು ಆಹಾರ ಎಷ್ಟು ಫ್ರೀ ರ‍್ಯಾಡಿಕಲ್ಲುಗಳನ್ನು ತಣಿಸುತ್ತದೆ ಎಂದು ಅಳೆಯುವ ವಿಧಾನ ಅದು. ಅಮೆರಿಕದ ಕೃಷಿ ಇಲಾಖೆ ನೂರಾರು ಆಹಾರಗಳ ಓರಾಕ್ ಪಟ್ಟಿ ಪ್ರಕಟಿಸಿತ್ತು. 2012ರಲ್ಲಿ ಅದೇ ಇಲಾಖೆ ಆ ಪಟ್ಟಿಯನ್ನು ವಾಪಸು ತೆಗೆದುಹಾಕಿತು. ಆ ಸಂಖ್ಯೆಗಳಿಗೂ ಮನುಷ್ಯನ ದೇಹದೊಳಗಿನ ಪರಿಣಾಮಕ್ಕೂ ಸಂಬಂಧ ಕಾಣುವುದಿಲ್ಲ, ಕಂಪನಿಗಳು ಅದನ್ನು ಮಾರಾಟಕ್ಕೆ ದುರ್ಬಳಕೆ ಮಾಡುತ್ತಿವೆ ಎಂಬುದು ಅವರು ಕೊಟ್ಟ ಕಾರಣ. ನಾನು ಪಡಸಾಲೆಗಳಲ್ಲಿ ತೋರಿಸುತ್ತಿದ್ದುದು, ಕಟ್ಟಿದವರೇ ಕೆಡವಿ ವರ್ಷಗಳಾದ ಪಟ್ಟಿಯನ್ನು.

ಮೂಲ ವಿಚಾರ ಸುಳ್ಳಲ್ಲ. ದೇಹದಲ್ಲಿ ಹುಟ್ಟುವ ಫ್ರೀ ರ‍್ಯಾಡಿಕಲ್ಲುಗಳೇ ಮುಪ್ಪಿಗೆ ಕಾರಣವಿರಬಹುದು ಎಂದು ಡೆನ್ಹಮ್ ಹಾರ್ಮನ್ 1956ರಲ್ಲಿ ಬರೆದ. ಹಣ್ಣು, ತರಕಾರಿ ಹೆಚ್ಚು ತಿನ್ನುವವರಿಗೆ ಹೃದ್ರೋಗ, ಕೆಲವು ಕ್ಯಾನ್ಸರುಗಳು ಕಡಿಮೆ ಎಂದು ಸಮೀಕ್ಷೆಗಳು ಹೇಳಿದವು. ಹಾಗಾದರೆ ಹಣ್ಣಿನೊಳಗಿನ ಆಂಟಿ ಆಕ್ಸಿಡೆಂಟ್ ಒಂದನ್ನೇ ತೆಗೆದು ಗುಳಿಗೆ ಮಾಡಿ ಕೊಟ್ಟರೆ? ಕೊಟ್ಟು ನೋಡಿದರು. ಫಿನ್‌ಲ್ಯಾಂಡಿನಲ್ಲಿ 29,133 ಮಂದಿ ಸಿಗರೇಟು ಸೇದುವ ಗಂಡಸರ ಮೇಲೆ ಬೀಟಾ ಕ್ಯಾರೊಟೀನ್, ವಿಟಮಿನ್ ಇ ಪರೀಕ್ಷೆ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟೀನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಿತ್ತು. ಹೆಚ್ಚಿತ್ತು ಅಂತಲೇ ಓದಿಕೊಳ್ಳಿ, ಮುದ್ರಣದೋಷವಲ್ಲ. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಆಸ್‌ಬೆಸ್ಟಾಸ್ ಕೆಲಸಗಾರರ ಮೇಲೆ ಬೀಟಾ ಕ್ಯಾರೊಟೀನಿನ ಜೊತೆ ವಿಟಮಿನ್ ಎ ಕೊಟ್ಟು ನಡೆಸಿದ ಇನ್ನೊಂದು ಪರೀಕ್ಷೆಯನ್ನು, ಅಲ್ಲಿಯೂ ಕ್ಯಾನ್ಸರ್ ಶೇಕಡಾ 28ರಷ್ಟು ಹೆಚ್ಚು ಕಂಡಿದ್ದರಿಂದ, 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. 2012ರಲ್ಲಿ ಕೊಕ್ರೇನ್ ತಂಡ 78 ಪ್ರಯೋಗಗಳನ್ನು, ಸುಮಾರು 3 ಲಕ್ಷ ಜನರ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿತು. ಆಂಟಿ ಆಕ್ಸಿಡೆಂಟ್ ಗುಳಿಗೆಗಳಿಂದ ಆಯುಷ್ಯ ಹೆಚ್ಚಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಬೀಟಾ ಕ್ಯಾರೊಟೀನ್, ವಿಟಮಿನ್ ಇ ವಿಷಯದಲ್ಲಿ ಸಾವು ತುಸು ಹೆಚ್ಚುವಂತೆಯೇ ಕಂಡಿತು.

ಗ್ಲಾಸಿನಲ್ಲಿ ಆಗುವುದು ದೇಹದಲ್ಲಿ ಯಾಕೆ ಆಗುವುದಿಲ್ಲ ಎಂದು ಹುಡುಗರು ಕೇಳಿದ್ದರೆ ಹೀಗೆ ಹೇಳುತ್ತಿದ್ದೆ. ಒಂದು, ಕರುಳು ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಊಟದಲ್ಲಿ ಬರುವ ಮಟ್ಟದ ವಿಟಮಿನ್ ಸಿ ಬಹುಪಾಲು ಹೀರಿಕೆಯಾಗುತ್ತದೆ. ಒಂದು ಗ್ರಾಂ ದಾಟಿಸಿ ಕೊಟ್ಟರೆ ಅರ್ಧಕ್ಕಿಂತ ಕಡಿಮೆ, ಹೀರಿದ್ದರಲ್ಲೂ ಹೆಚ್ಚಿನದು ಮೂತ್ರದಲ್ಲಿ ಹೋಗುತ್ತದೆ. ಹಣ್ಣಿನ ನೇರಳೆ ಬಣ್ಣದ ಆಂಥೊಸಯನಿನ್ನುಗಳಂತೂ ಇದ್ದ ರೂಪದಲ್ಲೇ ರಕ್ತ ಸೇರುವುದು ತೀರ ಅಲ್ಪ. ಇನ್ನೊಂದು, ಫ್ರೀ ರ‍್ಯಾಡಿಕಲ್ಲುಗಳು ಬರೀ ಕಸವಲ್ಲ. ನಮ್ಮ ಬಿಳಿ ರಕ್ತಕಣಗಳು ರೋಗಾಣು ಕೊಲ್ಲಲು ಅವುಗಳನ್ನೇ ಬಳಸುತ್ತವೆ. ವ್ಯಾಯಾಮ ಮಾಡಿದಾಗ ಸ್ನಾಯುವಿಗೆ ‘ಇನ್ನಷ್ಟು ಗಟ್ಟಿಯಾಗು’ ಎಂಬ ಸಂಕೇತ ಹೋಗುವುದೂ ಅವುಗಳಿಂದಲೇ. 2009ರ ಜರ್ಮನ್ ಪ್ರಯೋಗವೊಂದರಲ್ಲಿ ವ್ಯಾಯಾಮದ ಜೊತೆ ದಿನಾ 1,000 ಮಿಲಿಗ್ರಾಂ ವಿಟಮಿನ್ ಸಿ ಮತ್ತು ವಿಟಮಿನ್ ಇ ನುಂಗಿದ ಯುವಕರಿಗೆ ಇನ್ಸುಲಿನ್ ವಿಷಯದಲ್ಲಿ ಸಿಗಬೇಕಿದ್ದ ಲಾಭವೇ ಸಿಗಲಿಲ್ಲ. ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ನನ್ನಿಂದ ಒಂದು ಮುಚ್ಚಳ ರಸ ಕುಡಿಯುತ್ತಿದ್ದವರು ನೆನಪಾದರು.

ಇಷ್ಟಾದರೂ ಕೈಯಾರೆ ನೋಡದೆ ಸಮಾಧಾನವಿಲ್ಲ. ಹಳೆಯ ಸಹೋದ್ಯೋಗಿಯನ್ನು ಕೇಳಿಕೊಂಡು ಪ್ರಯೋಗಾಲಯಕ್ಕೆ ಹೋದೆ. ಬ್ಯೂರೆಟ್ಟಿಗೆ ಅಯೋಡಿನ್, ಫ್ಲಾಸ್ಕಿಗೆ ಹಣ್ಣಿನ ರಸ, ಎರಡು ಹನಿ ಗಂಜಿಯ ತಿಳಿ. ನವಲೂರಿನ ಪೇರಲ ಹಣ್ಣನ್ನು ಅರೆದು ಸೋಸಿಕೊಂಡಿದ್ದೆ, ಒಂದು ನಿಂಬೆ, ಮತ್ತು ನನ್ನ ಬಾಟಲಿ. ಪೇರಲದ್ದು ಮುಗಿಯುವಂತೆಯೇ ಕಾಣಲಿಲ್ಲ. ಬ್ಯೂರೆಟ್ಟಿನ ನಲ್ಲಿ ತಿರುವಿ ತಿರುವಿ ಬೆರಳು ಕಂದಾಯಿತು, ಆಮೇಲೆ ಒಮ್ಮೆಗೇ ನೀಲಿ ನಿಂತಿತು. ನಿಂಬೆ ಅದಕ್ಕಿಂತ ಬೇಗ ಮುಗಿಯಿತು. ಬಾಟಲಿಯ ರಸದ ಕಡುಬಣ್ಣದಲ್ಲಿ ನೀಲಿ ಕಾಣುವುದೇ ಇಲ್ಲ. ಹತ್ತು ಪಟ್ಟು ನೀರು ಬೆರೆಸಿ ನೋಡಬೇಕಾಯಿತು. ಅದು ನಿಂಬೆಗಿಂತಲೂ ಹಿಂದೆ ಬಿತ್ತು.

“ಇಷ್ಟಾದರೂ ಬಂತಲ್ಲ” ಅಂದೆ. ಸಹೋದ್ಯೋಗಿ ಬಾಟಲಿ ತಿರುವಿದ. ಲೇಬಲ್ಲಿನ ಕೊನೆಯ ಸಾಲಿನಲ್ಲಿ, ಕನ್ನಡಕ ಹಾಕಿದರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ, ಐಎನ್‌ಎಸ್ 224 ಎಂದಿತ್ತು. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ರಸ ಕೆಡದಂತೆ ಹಾಕುವ ಸಂರಕ್ಷಕ, ಕಾನೂನು ಒಪ್ಪಿದ್ದೇ. ಸಲ್ಫೈಟು ಕೂಡ ಅಯೋಡಿನ್ನಿನ ಬಣ್ಣ ತೆಗೆಯುತ್ತದೆ. ನಮ್ಮ ಲೆಕ್ಕಕ್ಕೆ ಬಂದದ್ದರಲ್ಲಿ ಹಣ್ಣಿನದೆಷ್ಟು, ಸಂರಕ್ಷಕದ್ದೆಷ್ಟು ಎಂದು ಈ ಪ್ರಯೋಗದಿಂದ ಬಿಡಿಸಿ ಹೇಳಲು ಬರುವುದಿಲ್ಲ. ಅಷ್ಟು ಪಡಸಾಲೆಗಳಲ್ಲಿ ನಾನು ಸಂರಕ್ಷಕವನ್ನು ಪ್ರದರ್ಶಿಸಿ ಚಪ್ಪಾಳೆ ಗಿಟ್ಟಿಸಿರಲೂ ಸಾಕು. ಇಬ್ಬರೂ ನಕ್ಕೆವು. ನನ್ನ ನಗು ಬೇಗ ನಿಂತಿತು.

ನವಲೂರು ಅಂದೆನಲ್ಲ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ಚಿಗರಿ ಬಸ್ಸು ಹಾಯುವ ದಾರಿಯಲ್ಲಿರುವ ಆ ಊರು ಪೇರಲಕ್ಕೆ ಹೆಸರುವಾಸಿ. ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಣ್ಣುಮಕ್ಕಳು ಹಣ್ಣನ್ನು ನಾಲ್ಕು ಹೋಳು ಸೀಳಿ ಉಪ್ಪು ಖಾರ ಸವರಿ ಕೊಡುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕದಲ್ಲಿ 100 ಗ್ರಾಂ ಬಿಳಿ ಪೇರಲಕ್ಕೆ 214 ಮಿಲಿಗ್ರಾಂ ವಿಟಮಿನ್ ಸಿ. ವಯಸ್ಕ ಗಂಡಸಿಗೆ ದಿನಕ್ಕೆ ಬೇಕಾದದ್ದು 80, ಹೆಂಗಸಿಗೆ 65. ಒಂದು ನಡುಗಾತ್ರದ ಹಣ್ಣಿನಲ್ಲಿ ಎರಡು ದಿನದ್ದು ಮುಗಿದು ಉಳಿಯುತ್ತದೆ. ಅದೇ ಸಂಸ್ಥೆಯವರು ನಮ್ಮಲ್ಲಿ ಸಾಮಾನ್ಯವಾಗಿ ತಿನ್ನುವ ಹಣ್ಣುಗಳ ಆಂಟಿ ಆಕ್ಸಿಡೆಂಟ್ ಅಳೆದಾಗಲೂ ಪೇರಲ ಮುಂದಿತ್ತು, ಆಸ್ಪತ್ರೆಗೆ ನೋಡಲು ಹೋಗುವವರೆಲ್ಲ ಒಯ್ಯುವ ಸೇಬು ಬಹಳ ಹಿಂದೆ.

ಇಲ್ಲೇ ನಿಲ್ಲಿಸಿದರೆ ಇನ್ನೊಂದು ತಪ್ಪಾಗುತ್ತದೆ. ಅಸಾಯಿಯನ್ನು ಇಳಿಸಿ ಅದೇ ಕುರ್ಚಿಗೆ ಪೇರಲವನ್ನೋ ನೆಲ್ಲಿಯನ್ನೋ ಹತ್ತಿಸುವುದು ಈಗಿನ ಹೊಸ ವ್ಯಾಪಾರ. ನೆಲ್ಲಿಕಾಯಿ ಕ್ಯಾಪ್ಸೂಲು, ನುಗ್ಗೆಸೊಪ್ಪಿನ ಗುಳಿಗೆ, ನೇರಳೆ ಬೀಜದ ಪುಡಿ, ಎಲ್ಲದರ ಹಿಂದೆಯೂ ಅದೇ ಭಾಷಣ. ನೆಲ್ಲಿಯ ವಿಟಮಿನ್ ಸಿ 600 ಎಂದು ಹಳೆಯ ಕೋಷ್ಟಕ ಹೇಳುತ್ತಿತ್ತು, 2017ರದು 252 ಅನ್ನುತ್ತದೆ. ತಳಿ, ಹವೆ, ಅಳೆಯುವ ವಿಧಾನ ಬದಲಾದಂತೆ ಸಂಖ್ಯೆಯೂ ಕುಣಿಯುತ್ತದೆ. ಮಾರುವವರು ಆರಿಸಿಕೊಳ್ಳುವುದು ಯಾವುದನ್ನು ಎಂದು ಹೇಳಬೇಕಿಲ್ಲ. ನಮ್ಮ ಕಾಕಾನ ಮಗನಿಗೆ ನವಲೂರ ಪೇರಲವೂ ಧಾರಾಳವಾಗಿ ಸಲ್ಲದು, ಅದರಲ್ಲೂ ಪೊಟ್ಯಾಸಿಯಂ ಇದೆ. ಕಮರಕ ಹಣ್ಣಂತೂ ಕಿಡ್ನಿ ಸೋತವರ ನರಮಂಡಲಕ್ಕೇ ವಿಷ. ನಮ್ಮ ನೆಲದ ಹಣ್ಣು ಎಂದ ಮಾತ್ರಕ್ಕೆ ಯಾರಿಗೂ ರಿಯಾಯಿತಿ ಇಲ್ಲ.

ಹಾಗಾದರೆ ಪೂರಕಗಳೆಲ್ಲ ಬೇಡವೇ? ಬೇಕಾದವರಿಗೆ ಬೇಕು. ಗರ್ಭಿಣಿಗೆ ಫೋಲಿಕ್ ಆಮ್ಲ, ರಕ್ತ ಕಡಿಮೆಯಿದ್ದವರಿಗೆ ಕಬ್ಬಿಣ, ನನ್ನಂಥ ಹುಟ್ಟು ಸಸ್ಯಾಹಾರಿ ಮುದುಕರಿಗೆ ಪರೀಕ್ಷೆ ಮಾಡಿಸಿ ಬಿ12. ಇವು ಕೊರತೆ ನೋಡಿ ತುಂಬುವವು, ಅಗ್ಗದವು. ಹಣ್ಣಿನ ಆಂಟಿ ಆಕ್ಸಿಡೆಂಟ್ ಬಾಟಲಿ ತುಂಬುವುದು ಯಾವ ಕೊರತೆಯನ್ನು ಎಂದು ಕೇಳಿ. ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ತೊದಲುತ್ತಿದ್ದೆ.

ಕೊಳ್ಳಲೇಬೇಕು ಎನ್ನುವವರು ಮುಂಬದಿಯ ಹಣ್ಣಿನ ಚಿತ್ರ ಬಿಟ್ಟು ಹಿಂಬದಿ ಓದಬೇಕು. 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಲೇಬೇಕು. ಆದರೆ ಅದು ತಯಾರಕನಿಗೆ ಲೈಸೆನ್ಸ್ ಇದೆ ಅನ್ನುತ್ತದೆಯೇ ಹೊರತು ರೋಗ ವಾಸಿಯಾಗುತ್ತದೆ ಅನ್ನುವುದಿಲ್ಲ. ನಾನು ಅದನ್ನು ಸರ್ಕಾರದ ಸರ್ಟಿಫಿಕೇಟು ಎಂಬಂತೆ ತೋರಿಸುತ್ತಿದ್ದೆ. ಆರೋಗ್ಯ ಪೂರಕವೆಂದು ಮಾರುವುದರ ಮೇಲೆ ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಎಂದು ಬರೆದಿರಬೇಕು. ಬಾಟಲಿಯೇ ಔಷಧವಲ್ಲ ಅನ್ನುತ್ತಿರುವಾಗ ಮಾರುವವನು ಔಷಧ ಅಂದರೆ ಯಾರನ್ನು ನಂಬಬೇಕು? ಒಂದು ಸಲದ ಅಳತೆಯಲ್ಲಿ ಯಾವುದು ಎಷ್ಟು ಮಿಲಿಗ್ರಾಂ ಎಂಬುದನ್ನು ನೋಡಿ. ‘ಹನ್ನೆರಡು ಹಣ್ಣುಗಳ ಮಿಶ್ರಣ’ ಎಂದಿದ್ದು ಪ್ರಮಾಣ ಬರೆಯದಿದ್ದರೆ ದ್ರಾಕ್ಷಿ ರಸವೇ ಬಹುಪಾಲು ಇದ್ದು, ಹೆಸರಿನ ಹಣ್ಣು ಹೆಸರಿಗಷ್ಟೇ ಇರಬಹುದು. ಸಕ್ಕರೆಯ ಸಾಲನ್ನು ಸಕ್ಕರೆ ಕಾಯಿಲೆಯವರು ಎರಡು ಸಲ ಓದಲಿ. ವಾರ್ಫರಿನ್ ನುಂಗುವವರು ಗೋಜಿ ಮುಟ್ಟಬಾರದು. ಸಿಗರೇಟು ಸೇದುವವರು ಬೀಟಾ ಕ್ಯಾರೊಟೀನ್ ಗುಳಿಗೆಯಿಂದ ದೂರವಿರಬೇಕು. ಸಿಗರೇಟಿನಿಂದಲೂ, ಅದನ್ನು ಬೇರೆ ಹೇಳಬೇಕೆ.

ಇನ್ನು ಮಾರುವವರ ಬಗ್ಗೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿಪಿ ಗುಣವಾಗುತ್ತದೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯಿಂದಲೇ ಅಪರಾಧ. ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ. 2021ರ ನೇರ ಮಾರಾಟ ನಿಯಮಗಳ ಪ್ರಕಾರ ಮಾರುವವನು ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ನಿಮ್ಮ ಮನೆಗೆ ಬರುವಂತಿಲ್ಲ. ನಾನು ಹೋದ ಮನೆಗಳಲ್ಲಿ ನನ್ನ ಚೀಟಿ ಕೇಳಿದವರಿಲ್ಲ. ಅಯೋಡಿನ್ ಹಿಡಿದು ಯಾರಾದರೂ ಬಂದರೆ ಅಡುಗೆಮನೆಯಿಂದ ಅರ್ಧ ನಿಂಬೆಹಣ್ಣು ತಂದು ಪಕ್ಕದ ಗ್ಲಾಸಿಗೆ ಹಿಂಡಿ. ಮುಂದಿನ ಭಾಷಣ ತಾನೇ ಸಣ್ಣದಾಗುತ್ತದೆ.

ನಾನು ಮಾರಿದ ಮನೆಗಳಿಗೆ ಮತ್ತೆ ಹೋದೆ. ಕೆಲವರಿಗೆ ದುಡ್ಡು ವಾಪಸು ಕೊಟ್ಟೆ, ಕೆಲವರು ತೆಗೆದುಕೊಳ್ಳಲಿಲ್ಲ. ಒಬ್ಬರು ಬಾಗಿಲು ತೆರೆಯಲಿಲ್ಲ, ಅದು ನ್ಯಾಯವೇ. ಎಲ್ಲಕ್ಕಿಂತ ಕಷ್ಟವಾದದ್ದು ಮಾಳಮಡ್ಡಿಯ ಒಬ್ಬ ಅಜ್ಜಿಯ ಮುಂದೆ. ಓರಾಕ್, ಫಿನ್‌ಲ್ಯಾಂಡು, ಸಲ್ಫೈಟು ಎಲ್ಲ ಬಿಡಿಸಿ ಹೇಳಿದೆ. ಶಾಂತವಾಗಿ ಕೇಳಿದರು. “ಅದೆಲ್ಲ ಇರ್ಲಿ ಸರ್, ನನ್ನ ಮಣಕಾಲಿಗೆ ಛಲೋ ಆಗೇತಿ. ಇನ್ನೊಂದು ಬಾಟ್ಲಿ ಯಾವಾಗ ತರ್ತೀರಿ?” ಅಂದರು. ನಾನು ಹಚ್ಚಿದ ನಂಬಿಕೆಯನ್ನು ತೆಗೆಯಲು ನನ್ನಿಂದಲೇ ಆಗಲಿಲ್ಲ. ಅವರು ಈಗ ಬೇರೆಯವರ ಹತ್ತಿರ ಕೊಳ್ಳುತ್ತಾರೆ.

ಓದುಗರಲ್ಲಿ ಕೇಳಿಕೊಳ್ಳುವುದು ಒಂದೇ. ನೀವೋ ನಿಮ್ಮ ಮನೆಯ ಹಿರಿಯರೋ ಇಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಬಾಟಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲಿಡಿ. ಹೇಳಬೇಡಿ ಎಂದು ಯಾರು ಹೇಳಿದ್ದರೂ, ಹೇಳಿದವರು ನಿಮಗೆ ಪಾಠ ಕಲಿಸಿದ ಮೇಷ್ಟ್ರೇ ಆಗಿದ್ದರೂ, ಹೇಳಿ.